ತುಳಸಿಗೇರಿ ಹನುಮಪ್ಪ ಕೊಟ್ಟ ದನಿ

ಕಳೆದ ವರ್ಷ ಶ್ರಾವಣದಲ್ಲಿ ನನ್ನ ದನಿ ಹೋಯಿತು. ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಕಲಿಸುವವಳು ನಾನು. ಕೂಗುವುದೇ ನನ್ನ ಕಸುಬು. ಕುತ್ತಿಗೆಯ ಗಂಟು ತೆಗೆಸಿಕೊಂಡು ಎಚ್ಚರವಾದಾಗ ಗಂಡನನ್ನು ಕರೆಯಲು ಬಾಯಿ ತೆರೆದೆ. ಬರೀ ಗಾಳಿ ಬಂತು.

"ಗಂಟು ದನಿಯ ನರಕ್ಕ ಅಂಟಿಕೊಂಡಿತ್ರಿ. ದನಿ ತಿರುಗಿ ಬಂದ್ರೂ ಬರಬಹುದು, ಬರದೇ ಇರಬಹುದು," ಎಂದರು ಡಾಕ್ಟರು.

ಚಪ್ಪಾಳೆ ತಟ್ಟಿ, ಕೈಸನ್ನೆ ಮಾಡಿ ಕಲಿಸಿದೆ. ತಂದೆತಾಯಿಗಳು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕಮತಗಿಯ ಶಬಾನಾ ಮಾತ್ರ ಮುಂಜಾನೆಯ ಬಸ್ಸಿಗೆ ಬರುವುದನ್ನು ಬಿಡಲಿಲ್ಲ.

ಶನಿವಾರಕ್ಕೊಮ್ಮೆ ಅತ್ತೆಯೊಂದಿಗೆ ತುಳಸಿಗೇರಿಯ ಹನುಮಪ್ಪನ ಗುಡಿಗೆ ಹೋಗುತ್ತಿದ್ದೆ. ಬೇಡಿಕೊಳ್ಳಲೂ ದನಿಯಿಲ್ಲವೆಂದು ಸನ್ನೆ ಮಾಡಿ ಅತ್ತಾಗ ಅತ್ತೆ, "ಹನುಮಪ್ಪಗ ತುಟಿ ಅಳ್ಳಾಡಿದ್ರ ಸಾಕವಾ, ತಿಳೀತದ," ಎಂದರು. ತಿಂಗಳುಗಳೇ ಕಳೆದವು. ಒಂದು ಶನಿವಾರ ಸೋತುಹೋಗಿ, 'ನೀನು ಇಟ್ಟ ಹಾಗೆ ಇರುತ್ತೇನೆ ತಂದೆ' ಎಂದು ಮನಸ್ಸಿನಲ್ಲೇ ಹೇಳಿ ಬಂದೆ.

ಮರುದಿನ ಬಾಗಲಕೋಟೆಯಲ್ಲಿ ಪಂದ್ಯ. ಶಬಾನಾ ಮೊದಲೆರಡು ಸುತ್ತಿನಲ್ಲಿ ಹಿಂದೆ ಬಿದ್ದಿದ್ದಳು. ಮೂಗಿನಲ್ಲಿ ರಕ್ತ. ಸ್ಟೂಲಿನ ಮೇಲೆ ಕುಳಿತು, "ಏನ್ ಮಾಡ್ಲಿರಿ ಮೇಡಂ?" ಎಂದು ನನ್ನ ಮುಖ ನೋಡಿದಳು. ಎದುರಾಳಿ ಹೊಡೆದಾದ ಮೇಲೆ ಎಡಗೈ ಇಳಿಸುವುದನ್ನು ನಾನು ಕಂಡಿದ್ದೆ. ಸನ್ನೆ ಮಾಡಿದರೆ ಅವಳಿಗೆ ತಿಳಿಯಲೊಲ್ಲದು. ಗಂಟೆ ಬಾರಿಸುವ ಹೊತ್ತಾಯಿತು. ಹನುಮಪ್ಪನನ್ನು ನೆನೆದು ಬಾಯಿ ತೆರೆದೆ.

"ಆಕಿ ಎಡಗೈ ಕೆಳಗ ಬಿಡ್ತಾಳ! ಅಲ್ಲೇ ಬಲಗೈ ಹಾಕು!"

ಒಡೆದ, ಗೊಗ್ಗರು ದನಿ. ಆದರೂ ನನ್ನದೇ! ಶಬಾನಾ ನನ್ನನ್ನು ನೋಡಿ, ಅಳುತ್ತ ನಗುತ್ತ ಎದ್ದಳು. ಬಲಗೈ ಎರಡು ಸಲ ಸರಿಯಾಗಿ ಕೂತಿತು. ರೆಫರಿ ಅವಳ ಕೈಯನ್ನೇ ಎತ್ತಿದರು.

ಡಾಕ್ಟರೇ ಬೆರಗಾದರು. "ಇನ್ನ ಒದರೂದು ಮಾತ್ರ ಬ್ಯಾಡ್ರಿ. ಮೈಕಿನ್ಯಾಗ ಸಾವಕಾಶ ಮಾತಾಡ್ರಿ ಬೇಕಾದ್ರ," ಎಂದರು. ಅದನ್ನು ಕೇಳಿದ ಪಂದ್ಯದ ಸಂಘಟಕರು ನನ್ನ ಮುಂದೆ ಮೈಕನ್ನೇ ಇಟ್ಟರು. ಕಲಿಸುವ ಕೆಲಸವನ್ನು ಹಿಂದೆ ನನ್ನಲ್ಲಿ ಕಲಿತಿದ್ದ ಹಳೆಯ ಶಿಷ್ಯೆಯೊಬ್ಬಳಿಗೆ ಒಪ್ಪಿಸಿ, ವೀಕ್ಷಕ ವಿವರಣೆಗೆ ಕುಳಿತೆ. ಪಂದ್ಯ ಮೊಬೈಲಿನಲ್ಲೂ ನೇರವಾಗಿ ಬರುತ್ತಿತ್ತು; ನಮ್ಮ ಮಾತಿನಲ್ಲಿ ಬಾಕ್ಸಿಂಗ್ ಕೇಳಿ ಜನ ಹಿಗ್ಗಿದರು. ಈ ವರ್ಷ ರಾಜ್ಯಮಟ್ಟದ ಫೈನಲ್ಲಿಗೂ ಕರೆದರು. "ಚಿನ್ನದ ಪದಕ ಕಮತಗಿಯ ಹುಡುಗಿ ಶಬಾನಾಗೆ!" ಎಂದು ಜಗತ್ತಿಗೆ ಹೇಳುವ ಭಾಗ್ಯ ನನ್ನದಾಯಿತು.

ಮೊನ್ನೆ ಬಾದಾಮಿಗೆ ಹೊರಟಾಗ, ಕುಳಗೇರಿ ಕ್ರಾಸಿನಲ್ಲಿ ಬಸ್ ಹತ್ತಿ ಟಿಕೆಟ್ ಕೇಳಿದೆ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು. "ಮೊಬೈಲ್‌ನ್ಯಾಗ ಬಾಕ್ಸಿಂಗ್ ಹೇಳಾಕಿ ನೀನ ಅಲ್ಲೇನವಾ? ದನಿ ಕೇಳಿ ಗುರ್ತ ಹಿಡದೆ. ನನ್ನ ಮೊಮ್ಮಗಳೂ ಕಲೀತೇನಿ ಅಂತಾಳ!"

ನಾನು ಬೇಡಿದ್ದು ಹಳೆಯ ದನಿಯನ್ನು. ಸ್ವಾಮಿ ಕೊಟ್ಟಿದ್ದು ಊರೂರು ಗುರುತಿಸುವ ದನಿಯನ್ನು. ಇದು ಇರುವ ತನಕ ಅವನ ಹೆಸರು ಹೇಳುತ್ತೇನೆ.