ನನ್ನ ಲೈನಿನಲ್ಲಿ ನಾನೂ ಇದ್ದೆ

ತಲೆಯ ಮೇಲೆ ಹೆಡ್‌ಸೆಟ್ ಇದೆ, ಲೈನ್ ತೆರೆದೇ ಇದೆ ಎನ್ನುವುದು ಮರೆತೇಹೋಗಿತ್ತು. ನನಗೆ ನಾನೇ ಬೈದುಕೊಂಡದ್ದು ನೇರವಾಗಿ ಸೂಪರ್‌ವೈಸರ್ ಕಿವಿಗೆ ಬಿತ್ತು!

"ಹುಚ್ಚಿ, ನಿನ್ ಕಡಿಂದ ಏನೂ ಆಗೂದಿಲ್ಲ. ಧಾರವಾಡಕ್ಕ ಹೋಗಿ ರೊಟ್ಟಿ ಬಡಿ."

ಐವತ್ತರ ದಶಕದ ಮಾತು. ಬೊಂಬಾಯಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಟ್ರೇನಿ. ಆಗ ಪರವೂರಿಗೆ ಮಾತಾಡಬೇಕಾದರೆ ನಮ್ಮಂಥ ಹುಡುಗಿಯರು ಬೋರ್ಡಿನ ಮುಂದೆ ಕೂತು, ಕೈಯಾರೆ ವೈರ್ ಚುಚ್ಚಿ ಲೈನ್ ಜೋಡಿಸಬೇಕಿತ್ತು.

ವಿಲೆ ಪಾರ್ಲೆಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಪ್ಪನದು ಒಂದೇ ಷರತ್ತು: ಟೆಸ್ಟ್ ಪಾಸಾದರೆ ನೌಕರಿ, ಫೇಲಾದರೆ ಊರಿಗೆ ವಾಪಸ್ ಬಂದು ಮದುವೆ. ಗಂಡನ್ನೂ ನೋಡಿಟ್ಟಿದ್ದರು... ಪಾಪ, ಅವನದೇನೂ ತಪ್ಪಿಲ್ಲ.

ನನಗೋ ಬೈದುಕೊಳ್ಳುವ ಚಟ. ತಪ್ಪಾದ ಮೇಲೂ ಬೈಗುಳ, ಆಗುವ ಮುಂಚೆಯೂ ಬೈಗುಳ. ಹಾಗೆ ಬೈದುಕೊಂಡರೆ ಚುರುಕಾಗುತ್ತೇನೆಂದು ನಂಬಿದ್ದೆ. ಆಗುತ್ತಿದ್ದದ್ದು ಮಾತ್ರ ಇನ್ನೊಂದು ತಪ್ಪು.

ಎಲ್ಲರ ಲೈನನ್ನೂ ಆಗಾಗ ಕದ್ದು ಕೇಳುವುದು ಸೂಪರ್‌ವೈಸರ್ ಕೆಲಸ. ನಮ್ಮ ಲೂಸಿ ಮೇಡಂ ಸದಾ ಇಂಗ್ಲಿಷಿನಲ್ಲೇ ಗದರುವವರು. ಅವರ ಕನ್ನಡ ಕೇಳಿ, ಮಂಗಳೂರಿನವರು ಎಂದು ಅವತ್ತೇ ಗೊತ್ತಾದದ್ದು.

"ಯಾರಿಗೆ ಬೈದದ್ದು?"

"ನನಗ ನಾನೇ, ಮೇಡಂ."

"ಲೈನಲ್ಲಿ ಇರುವವರಿಗೆ ಬೈಯ್ಲಿಕ್ಕಿಲ್ಲ ಅಂತ ಮೊದಲ ದಿನವೇ ಹೇಳಿದ್ದೇನಲ್ಲ ಮಾರಾಯ್ತಿ. ಲೈನಲ್ಲಿ ನೀನೂ ಇದ್ದಿ ಅಲ್ವಾ?"



ಹೌದಲ್ಲ! ಗಿರಾಕಿ ಎಷ್ಟೇ ಕಿರುಚಾಡಲಿ, ನಾವು ಮೆತ್ತಗೆ 'ಲೈನಿನಲ್ಲಿರಿ, ಪ್ರಯತ್ನಿಸುತ್ತಿದ್ದೇನೆ' ಎನ್ನಬೇಕಿತ್ತು. ಅಪರಿಚಿತರಿಗೆ ದಿನಕ್ಕೆ ನೂರು ಸಲ ಕೊಡುತ್ತಿದ್ದ ಈ ಮರ್ಯಾದೆಯನ್ನು ನನಗೆ ನಾನು ಒಮ್ಮೆಯೂ ಕೊಟ್ಟಿರಲಿಲ್ಲ.

ಮರುದಿನದಿಂದ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಆ 'ಲೈನಿನಲ್ಲಿರಿ' ಮಾತನ್ನೇ ನನಗೆ ನಾನೇ ಗುನುಗುತ್ತಾ ಹೋದೆ. ಪಕ್ಕದ ಮರಾಠಿ ಹೆಂಗಸು ನನ್ನನ್ನೊಮ್ಮೆ ನೋಡಿ, ಮೆಲ್ಲನೆ ಎದ್ದು ಆಚೆ ಸೀಟಿಗೆ ಹೋದಳು!

ಟೆಸ್ಟ್ ದಿನ. ಬೋರ್ಡಿನಲ್ಲಿ ಒಟ್ಟಿಗೇ ನಾಲ್ಕು ದೀಪ ಹತ್ತುತ್ತವೆ. ಗಡಿಬಿಡಿಯಲ್ಲಿ ಪುಣೆಯ ಕಾಲನ್ನು ನಾಸಿಕಕ್ಕೆ ಜೋಡಿಸಿಬಿಡುತ್ತೇನೆ. ಬೆನ್ನ ಹಿಂದೆ ಲೂಸಿ ಮೇಡಂ ನಿಂತಿದ್ದಾರೆ.

ಹಳೆಯ ಬೈಗುಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು... ನುಂಗಿಕೊಂಡೆ. ತುಟಿಯೊಳಗೇ ನನಗೆ ನಾನೇ ಹೇಳಿಕೊಂಡೆ:

"ಸುಮತಿಬಾಯಾರ, ಲೈನಿನ್ಯಾಗ ಇರ್ರಿ. ಪ್ರಯತ್ನ ಮಾಡ್ಲಿಕತ್ತೀನಿ."

ಗಡಿಬಿಡಿ ನಿಂತಿತು. ವೈರ್ ಕಿತ್ತು ಸರಿಯಾದ ಕಡೆ ಚುಚ್ಚಿದೆ, ಗಿರಾಕಿಯ ಕ್ಷಮೆ ಕೇಳಿದೆ, ಉಳಿದ ಮೂರನ್ನೂ ಒಂದೊಂದಾಗಿ ಜೋಡಿಸಿದೆ.

ಪಾಸ್! ಆ ಸಂಜೆ ಪಾರ್ಲೆ ಸ್ಟೇಷನ್ನಿನಿಂದ ಮನೆಯತನಕ ಹೇಗೆ ನಡೆದೆನೆಂದರೆ, ಬೊಂಬಾಯಿಯ ಲೈನುಗಳೆಲ್ಲ ನನ್ನ ಕೈಯಲ್ಲೇ ಇವೆ ಎನ್ನುವ ಹಾಗೆ.

ಮುಂದೆ ನಾನೂ ಸೂಪರ್‌ವೈಸರ್ ಆದೆ. ಟ್ರೇನಿಗಳ ಬೆನ್ನ ಹಿಂದೆ ನಿಂತು ಮೊದಲ ದಿನವೇ ಇದನ್ನು ಕಲಿಸಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಹೆಮ್ಮೆಯೇ ಇದೆ.

ಇವತ್ತು ಮೊಮ್ಮಗಳ ಫೋನಿನಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಟೈಪ್ ಮಾಡಲು ಕೂತರೆ ಬೆರಳು ತಪ್ಪುತ್ತಲೇ ಇತ್ತು. ಲೈನಿನ್ಯಾಗ ಇರ್ರಿ ಸುಮತಿಬಾಯಾರ, ಅಂದೆ... ನೋಡಿ, ಪೂರ್ತಿ ಬರೆದೇಬಿಟ್ಟೆ!

ಬೆಳಿಗ್ಗೆಯಿಂದ ನೀವು ನಿಮ್ಮ ಜೊತೆ ಹೇಗೆ ಮಾತಾಡಿದ್ದೀರಿ?