ಹದಿನೇಳನೇ ಡಬ್ಬಿಯ ಸೊನ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೀಬೆ ಮರದಲ್ಲಿ ತೂಗುತ್ತಿದ್ದ ಹದಿನೇಳನೇ ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿ ನೊಣದಕ್ಕ ಬಿಳಿ ತಟ್ಟೆಗೆ ಬೋರಲು ಹಾಕುತ್ತಾರೆ. ಒಂದೂ ನೊಣವಿಲ್ಲ. ಬೆನ್ನ ಹಿಂದೆ ನಿಂತ ಭಾವನ ಮುಖ ಅರಳುತ್ತದೆ. ತೋಟ ಅವರದು; ಹಣ್ಣು ತುಂಬಿದ ಲಾರಿ ಗೇಟಿನಲ್ಲಿದೆ, ಸಂಜೆಯೊಳಗೆ ಸರಕು ಹಡಗು ಹತ್ತಬೇಕು.

"ಸೊನ್ನೆ ತಾನೇ? ಬರೆದುಬಿಡಮ್ಮ."

ನೊಣದಕ್ಕ ಪೆನ್ನು ತೆಗೆಯುವುದಿಲ್ಲ.

ಹತ್ತೊಂಬತ್ತು ವರ್ಷದಿಂದ ಹಣ್ಣುನೊಣ ಎಣಿಸುತ್ತಿರುವ ಇವರ ನಿಜವಾದ ಹೆಸರನ್ನು ಊರು ಎಂದೋ ಮರೆತಿದೆ. ಹನ್ನೊಂದು ತೋಟ, ಅರವತ್ತು ಡಬ್ಬಿ, ಎಲ್ಲವೂ ಕಾಲ್ನಡಿಗೆ. ಡಬ್ಬಿಯೊಳಗಿನ ಮರದ ತುಂಡಿನ ವಾಸನೆಗೆ ಗಂಡು ನೊಣ ಮರುಳಾಗಿ ಬಂದು ಸಾಯುತ್ತದೆ. ಆ ವಾಸನೆ ಕೈಬಿಟ್ಟು ಹೋಗುವುದೇ ಇಲ್ಲ. "ನನ್ನ ಗಂಡನಿಗಿಂತ ಗಂಡು ನೊಣಗಳಿಗೇ ನನ್ನ ಮೇಲೆ ಪ್ರೀತಿ ಜಾಸ್ತಿ" ಎಂದು ನಗುತ್ತಾರೆ. ಆದರೆ ಲೆಕ್ಕದಲ್ಲಿ ತಮಾಷೆಯಿಲ್ಲ. ವಾರಕ್ಕೆ ಒಂದು ಡಬ್ಬಿಯಲ್ಲಿ ಎಂಟು ದಾಟಿದರೆ ಆ ತೋಟದ ಹಣ್ಣು ಹೊರಗೆ ಹೋಗುವಂತಿಲ್ಲ. ನೊಣ ಮೊಟ್ಟೆಯಿಟ್ಟು ಹುಳ ಬಿದ್ದ ಒಂದೇ ಹಣ್ಣು ಆಚೆ ದಡದಲ್ಲಿ ಸಿಕ್ಕರೂ ಹನ್ನೊಂದು ತೋಟದ ಸರಕೂ ವಾಪಸ್.

ಅಕ್ಕಪಕ್ಕದ ಡಬ್ಬಿಗಳಲ್ಲಿ ಐದು, ಆರು. ಇಲ್ಲಿ ಮಾತ್ರ ಸೊನ್ನೆ ಯಾಕೆ? ಡಬ್ಬಿ ಕಟ್ಟಿದ್ದ ತಂತಿಯನ್ನು ಬೆರಳಿನಿಂದ ಸವರುತ್ತಾರೆ. ಒಣಗಿದೆ. ಇರುವೆ ಇಳಿಯದಂತೆ ತಂತಿಗೆ ಗ್ರೀಸ್ ಹಚ್ಚಬೇಕು. ಹೋದ ವಾರ ಅದನ್ನು ಮರೆತದ್ದು ಅವರೇ. ಇರುವೆಗಳು ಸತ್ತ ನೊಣಗಳನ್ನು ಹೊತ್ತೊಯ್ದು ರೆಕ್ಕೆಗಳನ್ನು ಬಿಟ್ಟುಹೋಗಿವೆ. ಡಬ್ಬಿಯ ತಳ ಕೆರೆದು, ಭೂತಗನ್ನಡಿ ಹಿಡಿದು ಒಂದೊಂದೇ ರೆಕ್ಕೆ ಎಣಿಸುತ್ತಾರೆ. ಇಪ್ಪತ್ತೆರಡು. ಅಂದರೆ ಹನ್ನೊಂದು ನೊಣ.

"ಮರೆತದ್ದು ನೀನು, ಅನುಭವಿಸೋದು ನಾನಾ? ನಿಮ್ಮಕ್ಕನ ಮುಖ ನೋಡಿಯಾದ್ರೂ..."

"ಗ್ರೀಸ್ ಹಚ್ಚಿಲ್ಲ ಅಂತ ಅದನ್ನೂ ಬರೀತೀನಿ ಭಾವ. ಆದ್ರೆ ಹನ್ನೊಂದು ಹನ್ನೊಂದೇ."

ಭಾವ ರೇಗಿ ಲಾರಿಯಿಂದ ಹಣ್ಣು ತೆಗೆದು ಕೊಯ್ಯುತ್ತಾರೆ. "ಎಲ್ಲಿದೆ ತೋರಿಸು ಹುಳ!" ಒಂದು ಚೆನ್ನಾಗಿದೆ. ಎರಡು, ಮೂರು, ನಾಲ್ಕೂ ಚೆನ್ನಾಗಿವೆ. ಐದನೆಯದರಲ್ಲಿ ಅಕ್ಕಿಕಾಳಿನಷ್ಟು ಬಿಳಿಯದೊಂದು ಮಿಸುಕುತ್ತದೆ. ಗಲಾಟೆ ಕೇಳಿ ಬಂದ ನೊಣದಕ್ಕನ ಅಕ್ಕ ಮೆಲ್ಲನೆ ಗಂಡನ ಕೈಯಿಂದ ಚಾಕು ತೆಗೆದುಕೊಳ್ಳುತ್ತಾರೆ. ನೊಣದಕ್ಕ ಪುಸ್ತಕದಲ್ಲಿ ಹನ್ನೊಂದು ಎಂದು ಬರೆದು ಮುಗಿಸುತ್ತಾರೆ.

ಲಾರಿಯ ಹಣ್ಣೆಲ್ಲ ಗುಂಡಿ ಸೇರಿ ಎರಡು ವಾರವಾಗಿದೆ. ಉಳಿದ ಹತ್ತು ತೋಟದ ಸರಕು ದಡ ಮುಟ್ಟಿದೆ. ಭಾವ ಇನ್ನೂ ಮಾತು ಬಿಟ್ಟಿದ್ದಾರೆ. ಆದರೆ ಇವತ್ತು ನೊಣದಕ್ಕ ಗ್ರೀಸ್ ಡಬ್ಬಿ ತೆರೆಯುವ ಮೊದಲೇ ಹದಿನೇಳನೇ ಡಬ್ಬಿಯ ತಂತಿ ಮಿರುಗುತ್ತಿದೆ. ಗಾಡಿಯ ಅಚ್ಚಿಗೆ ಮೆತ್ತಿದ ಹಾಗೆ ಯಾರೋ ದಪ್ಪಗೆ ಮೆತ್ತಿದ್ದಾರೆ.

"ನಾನು ಕೇಳಲಿಲ್ಲ, ಭಾವ ಹೇಳಲಿಲ್ಲ" ಎನ್ನುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. "ಇನ್ನೊಂದೇ ಆಸೆ. ತಂತಿ ಮುಟ್ಟಿ ನೋಡಿದ ಮೇಲೂ ಪುಸ್ತಕದಲ್ಲಿ ಈ ಡಬ್ಬಿ ಮುಂದೆ ಸೊನ್ನೆ ಬರಬೇಕು. ಅವತ್ತು ಪೆನ್ನು ಭಾವನ ಕೈಗೇ ಕೊಡ್ತೀನಿ."