ಮುನಿಯುವ ಮೀನು, ಮುದುಡುವ ಗಿಡ

ನಮ್ಮವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ನಾನು ಸಸ್ಯಶಾಸ್ತ್ರ. ಧಾರವಾಡದ ಒಂದೇ ಕಾಲೇಜಿನಿಂದ ಇಬ್ಬರೂ ನಿವೃತ್ತರಾದೆವು. ನಮ್ಮ ಜಗಳಕ್ಕೆ ಮಾತ್ರ ನಿವೃತ್ತಿ ಸಿಗಲಿಲ್ಲ. ಮಾಳಮಡ್ಡಿಯ ಮನೆಯ ಹಿತ್ತಲಲ್ಲಿ ಗುಲಾಬಿ ಬಣ್ಣದ ಗುಂಡು ಹೂ ಬಿಡುವ ನನ್ನ ಮುಟ್ಟಿದರೆ ಮುನಿ ಗಿಡವೇ ಅದಕ್ಕೆ ನೆಪ.

"ಮುಟ್ಟಿದ್ರ ಮುದುಡಿಕೊಳ್ಳೋದಕ್ಕ ಯಾರರ ಮುನಿಸು ಅಂತಾರೇನ? ಅಂಜಿಕಿ ಅಂತಾರ. ಖರೇ ಅಂದ್ರ ಆ ಹೆಸರು ನಮ್ಮ ಮೀನಿಗೆ ಇಡಬೇಕಾಗಿತ್ತು," ಎನ್ನುವರು.

ಅವರ ಮೀನೆಂದರೆ ವಿದ್ಯುತ್ ತೊರಕೆ. ಬಾಲ ಹಚ್ಚಿದ ಜೋಳದ ರೊಟ್ಟಿಯಂಥದು, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಕಾರವಾರದ ಬಂದರಿನಲ್ಲಿ ಆಗತಾನೆ ಬಲೆಯಿಂದ ತೆಗೆದದ್ದನ್ನು, ಮೀನುಗಾರರು ಬೇಡವೆಂದರೂ ಮುಟ್ಟಿ, ಮೊಣಕೈ ತನಕ ಜೋಮು ಹಿಡಿಸಿಕೊಂಡಿದ್ದರು. ಮನೆಗೆ ಬಂದವರಿಗೆಲ್ಲ ಆ ಕಥೆ ಕಡ್ಡಾಯ.

"ನೀವೂ ಅದರ ಜಾತೀನ ಅಲ್ಲೇನ್ರಿ," ಎನ್ನುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ. ಬರೆಯುವಾಗ ಕೈ ತಾಗಿದರೂ ಸಾಕು, ಗುಡುಗುವರು. ತೊರಕೆಯಾದರೂ ಮೇಲಿಂದ ಮೇಲೆ ಶಾಕ್ ಹೊಡೆದು ಕಸುವು ತೀರಿ ಸುಮ್ಮನಾಗುತ್ತದೆ, ಇವರು ಆಗುತ್ತಿರಲಿಲ್ಲ. ನನ್ನ ಗಿಡದ ಸ್ವಭಾವ ಬೇರೆ. ಮುಟ್ಟುತ್ತಲೇ ಇದ್ದರೆ, ಕೇಡಿಲ್ಲವೆಂದು ಕಂಡ ಮೇಲೆ ಮುದುಡುವುದನ್ನೇ ಬಿಡುತ್ತದೆ. ಮದುವೆಯಾದ ಒಂದೆರಡು ವರ್ಷಕ್ಕೆ ನಾನೂ ಬಿಟ್ಟೆ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಸರಿಯಿತ್ತು, ನಡಿಗೆ ಅಷ್ಟು ಸರಿಯಿರಲಿಲ್ಲ, ಹೇಗೋ ನಡೆಯುತ್ತಿದ್ದರು. ಬರೆಯುವ ಬಲಗೈಗೆ ಮಾತ್ರ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರೂ ತಿಳಿಯದು.

"ಬರಬಹುದ್ರಿ, ಬರದಿರಲಿಕ್ಕೂ ಸಾಕು," ಎಂದರು ಡಾಕ್ಟರು.

ದಿನಾ ಎಣ್ಣೆ ಹಚ್ಚಿ ಆ ಬೆರಳುಗಳನ್ನು ತೀಡುತ್ತಿದ್ದೆ. ಅವರು ಕಿಟಕಿಯ ಕಡೆ ನೋಡುತ್ತ ಕೂತಿರುವರು. ಬೈಯುತ್ತಿರಲಿಲ್ಲ. ಆ ಸೌಮ್ಯತನ ಕಂಡು ನನಗೆ ಹೆದರಿಕೆಯಾಯಿತು. ದೇವರೇ, ಈ ಮನುಷ್ಯ ಒಮ್ಮೆ ಸಿಟ್ಟಾಗಲಿ ಎಂದು ಬೇಡಿಕೊಂಡೆ. ಅಯ್ಯ, ಎಂಥದನ್ನು ಬೇಡಿಕೊಳ್ಳುವ ಕಾಲ ಬಂತು ನೋಡಿ!

ಮೊನ್ನೆ ಬೆಳಿಗ್ಗೆ ತೀಡುತ್ತಿದ್ದಾಗ ಅವರು ಕೈ ಜಗ್ಗಿಕೊಂಡರು.

"ಏ, ಬಿಡು! ನೀ ಮುಟ್ಟಿದ್ರ ಮೊಣಕೈ ತನಕ ಜೋಮು ಹಿಡೀತದ!"

ನಾನು ಬಿಡಲಿಲ್ಲ. ಅಳು ಬಂತು, ತಡೆಯಲಿಲ್ಲ. ಮತ್ತೆ ಅದೇ ಬೆರಳು ಮುಟ್ಟಿದೆ.

"ಇನ್ನೊಮ್ಮೆ ಬೈರಿ," ಎಂದೆ.

ಬೈದರು.